ಗಾಳಿಗೆ ಕ್ಷೌರ

ಜನವರಿ 9

ಎಡಚನಿಗೆ,

ಸಕಲ ಗಿರಾಕಿಗಳಿಗೂ, ಮಾಜಿ ಪಾಲುದಾರರಿಗೂ, ನಮ್ಮ ಅಂಗಡಿಯ ಎರಡೂ ಗೋಡೆಗಳ ಕನ್ನಡಿಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಅಂಗಡಿಯ ಬೋರ್ಡಿಗಿಂತ ಮೊದಲು ಜನರ ಕಣ್ಣಿಗೆ ಬೀಳುತ್ತಿದ್ದ, ನನಗೆ ಹೆಸರನ್ನೂ ಅಂಗಡಿಗೆ ಗುರುತನ್ನೂ ತಂದುಕೊಟ್ಟಿದ್ದ ನನ್ನ ಮೀಸೆಯು ನಿನ್ನೆ ಬೆಳಿಗ್ಗೆ ಸೇವೆಯಿಂದ ನಿವೃತ್ತಿ ಹೊಂದಿದೆ. ಬೀಳ್ಕೊಡುಗೆ ಸಮಾರಂಭ ಸರಳವಾಗಿತ್ತು. ಹಾಜರಿದ್ದವರು ನಾನು, ಮಗಳು ಮತ್ತು ಒಂದು ಮಗ್ಗು ಬಿಸಿನೀರು. ಭಾಷಣಗಳಿರಲಿಲ್ಲ.

ಕಾರಣ ಕೇಳುವವನು ನೀನೊಬ್ಬನೇ ಎಂದು ನಿನಗೊಬ್ಬನಿಗೇ ಬರೆಯುತ್ತಿದ್ದೇನೆ. ಬಲಗಡೆ ಒಂದು ಕೂದಲು ಹೆಚ್ಚೆನಿಸಿತು, ಕತ್ತರಿಸಿದೆ. ಎಡಗಡೆಗೆ ಅನ್ಯಾಯವಾಯಿತು, ಅದನ್ನೂ ಕತ್ತರಿಸಿದೆ. ಹೀಗೆ ಎರಡೂ ಕಡೆಗೆ ನ್ಯಾಯ ಒದಗಿಸುತ್ತ ಹೋಗಿ ಕೊನೆಗೆ ಮೂಗಿನ ಕೆಳಗೆ ಒಂದು ಹಲ್ಲುಜ್ಜುವ ಬ್ರಷ್ ಉಳಿಯಿತು. ಮಗಳು ನೋಡಿ, “ಅಪ್ಪಾ, ಪೂರ್ತಿ ಇಳಿಸಿಬಿಡಿ, ಕೊನೇ ಸ್ಟಾಪ್ ಬಂತು” ಎಂದಳು. ಅವಳು ಬಸ್ ಕಂಡಕ್ಟರ್ ಆಗಿ ನಾಲ್ಕು ವರ್ಷವಾಯಿತು. ಮನೆಯಲ್ಲಿ ಸಮವಸ್ತ್ರ ಕಳಚಿದರೂ ಭಾಷೆ ಕಳಚುವುದಿಲ್ಲ. ಕೊನೆಗೆ ಕತ್ತಿ ಹಿಡಿದವಳೂ ಅವಳೇ.

ಕೈಗೆ ಡಾಕ್ಟರರು ಹೆಸರಿಟ್ಟಿದ್ದಾರೆ: ಪಾರ್ಕಿನ್ಸನ್. ಮಿದುಳಿನಲ್ಲಿ ಕೈಕಾಲಿಗೆ ‘ಏಳು, ನಡೆ’ ಎಂದು ಅಪ್ಪಣೆ ಸಾಗಿಸುವ ರಸವೊಂದು ಬತ್ತುತ್ತ ಬರುತ್ತದಂತೆ. ಮಾತ್ರೆ ನುಂಗಿದರೆ ಅದು ಸ್ವಲ್ಪ ಹೊತ್ತು ಒಸರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮಾತ್ರೆ ಎಂದರೆ ಗಲ್ಲಕ್ಕೆ ಹಚ್ಚಿದ ನೊರೆ. ನೊರೆ ಇರುವಷ್ಟು ಹೊತ್ತು ಕತ್ತಿ ಜಾರುತ್ತದೆ. ಒಣಗಿತೋ, ಬರೀ ಚರ್ಮ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಎರಡು ತಿಂಗಳ ಹಿಂದೆ ನೀನಾಗಿಯೇ ಫೋನ್ ಮಾಡಿದ್ದೆ. “ಹಲೋ, ಹಲೋ, ಮಾತಾಡೋಕೆ ಇಷ್ಟ ಇಲ್ದಿದ್ರೆ ಹೇಳು” ಎಂದು ಕೂಗಿ ಇಟ್ಟೆ. ಎಡಚ, ನಾನು ಮಾತಾಡುತ್ತಲೇ ಇದ್ದೆ. ನನ್ನ ದನಿ ಗಂಟಲಿನಿಂದ ತುಟಿಯವರೆಗೆ ಬರುತ್ತದೆ, ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ. ಅದೂ ಈ ರೋಗದ್ದೇ ಕಸುಬು.

ಇನ್ನೊಂದು ಪ್ರಶ್ನೆ. ನಾವಿಬ್ಬರೂ ಪಾಲುದಾರರಾಗಿದ್ದಷ್ಟು ಕಾಲ ವಾರದ ರಜೆಯ ದಿನ ಶಟರ್ ಎಳೆದು ನಿನ್ನ ತಲೆ ನಾನು, ನನ್ನ ತಲೆ ನೀನು ಕತ್ತರಿಸಿದ್ದೇವೆ. ಬೇರೆಯವರ ಕೈಗೆ ಕೊಟ್ಟಿಲ್ಲ. ನೀನು ಬಿಟ್ಟುಹೋಗಿ ಎರಡು ವರ್ಷವಾಗುತ್ತ ಬಂತು. ಈಗ ನಿನ್ನ ತಲೆ ಯಾರ ಕೈಯಲ್ಲಿದೆ?

ಇಂತಿ,
ಮೀಸೆ (ಹೆಸರು ಮಾತ್ರ ಉಳಿದಿದೆ)


ಜನವರಿ 21

ಮೀಸೆಗೆ,

ಪತ್ರ ಬಂತು. ನಿನ್ನ ಅಕ್ಷರ ಓದಲು ಪಕ್ಕದ ಕೋಣೆಯವನ ಭೂತಗನ್ನಡಿ ತರಬೇಕಾಯಿತು. ಮೊದಲ ಸಾಲಿನಲ್ಲಿ ಅಕ್ಷರಗಳು ಕಡಲೆಕಾಳಿನಷ್ಟಿದ್ದವು, ಪುಟ ಮುಗಿಯುವ ಹೊತ್ತಿಗೆ ಸಾಸಿವೆಯಾಗಿದ್ದವು. ಕಾಗದ ಉಳಿಸುತ್ತಿದ್ದೀಯ ಎಂದುಕೊಂಡೆ. ಆಮೇಲೆ ಅರ್ಥವಾಯಿತು.

ಫೋನಿನ ವಿಷಯ ಗೊತ್ತಿರಲಿಲ್ಲ. ಅಷ್ಟೇ ಹೇಳುತ್ತೇನೆ.

ಆ ದಿನದ ವಿಷಯಕ್ಕೂ ಬಂದುಬಿಡುತ್ತೇನೆ, ನೀನು ಹೇಗೂ ಬಳಸಿಕೊಂಡು ಅಲ್ಲಿಗೇ ಬರುವವನು. ಬ್ಯಾಂಕ್ ಮ್ಯಾನೇಜರ ಕಿವಿಯಲ್ಲಿ ರಕ್ತ ಬಂದಿತ್ತು. ನಾನು ನಿನ್ನ ಕೈಯಿಂದ ಕತ್ತರಿ ತೆಗೆದುಕೊಂಡು “ನೀನು ಸ್ವಲ್ಪ ಕೂತ್ಕೋ” ಎಂದೆ. ಅಂಗಡಿ ತುಂಬ ಜನರಿದ್ದರು, ಅದು ನಿಜ. ಆದರೆ ಕಿವಿ ಅವರದು. ಇವತ್ತು ಇದ್ದರೂ ಅದನ್ನೇ ಮಾಡುತ್ತೇನೆ. ನೀನು “ಹೋಗು” ಎಂದೆ, ನಾನು ಹೋದೆ. ನಾವಿಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿದ್ದು ಜೀವನದಲ್ಲಿ ಅದೊಂದೇ ಸಲ.

ಇಲ್ಲಿ ದೊಡ್ಡಾಸ್ಪತ್ರೆಯಲ್ಲಿ ಕೆಲಸ. ಆಪರೇಷನ್ನಿಗೆ ಮುಂಚೆ ಕೂದಲು ತೆಗೆಯುವುದು. ಹೊಟ್ಟೆ, ಎದೆ, ತೊಡೆ, ಕೆಲವೊಮ್ಮೆ ತಲೆ. ಯಾರೂ ಕನ್ನಡಿ ಕೇಳುವುದಿಲ್ಲ, ಯಾರೂ “ಹಿಂದುಗಡೆ ಸ್ವಲ್ಪ ಕಮ್ಮಿ” ಎನ್ನುವುದಿಲ್ಲ. ಗಿರಾಕಿಗಳು ತುಂಬ ವಿಧೇಯರು, ಹೆದರಿರುತ್ತಾರೆ. ಇಲ್ಲಿ ಸದ್ದಿಲ್ಲದ ಯಂತ್ರದಲ್ಲಿ ಕೆಲಸ, ಕತ್ತರಿ ಅಪರೂಪ. ನನಗೆ ಅಂಗಡಿ ನೆನಪಾಗುವುದು ಬೆಳಿಗ್ಗೆ ಮಾತ್ರ. ಮೊದಲ ಗಿರಾಕಿ ಕೂರುವ ಮುನ್ನ ನೀನು ಖಾಲಿ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದೆಯಲ್ಲ, ಕಚಕ್ ಕಚಕ್ ಕಚಕ್, ಮೂರು. ಕೂದಲು ಕತ್ತರಿಸುವಾಗಲೂ ಒಂದು ಸಲ ತಲೆಗೆ, ಮೂರು ಸಲ ಗಾಳಿಗೆ. ನಾನು ಎರಡರಲ್ಲೇ ನಿಲ್ಲಿಸುತ್ತಿದ್ದೆ. ಪಕ್ಕದ ಗೋಡೆಯಾಚೆ ಕೂರುವ ಚಪ್ಪಲಿ ಹೊಲಿಯುವವನು ಕಣ್ಣು ಮುಚ್ಚಿಕೊಂಡೇ “ಇದು ಮೀಸೆ, ಇದು ಎಡಚ” ಎನ್ನುತ್ತಿದ್ದ.

ನನ್ನ ತಲೆ ನನ್ನ ಕತ್ತಿನ ಮೇಲೆಯೇ ಇದೆ. ಹೆಚ್ಚಿಗೆ ಕೇಳಬೇಡ.

ಎಡಚ


ಫೆಬ್ರವರಿ 18

ಸನ್ಮಾನ್ಯ ವಿಧೇಯ ಗಿರಾಕಿಗಳ ಕ್ಷೌರಿಕನೇ,

ನನ್ನ ಮನೆಗೆ ಅತ್ತೆ ಬಂದಿದ್ದಾಳೆ. ಹೆಂಡತಿ ತೀರಿಕೊಂಡ ಹನ್ನೊಂದು ವರ್ಷಗಳ ಮೇಲೆ ಅತ್ತೆ ಎಲ್ಲಿಂದ ಬಂದಳು ಎಂದು ಗಾಬರಿಯಾಗಬೇಡ. ಕೈಗಡಿಯಾರದಂಥ ಒಂದು ಪಟ್ಟಿ, ಬಲಗೈ ಮಣಿಕಟ್ಟಿನಲ್ಲಿ ಕೂತಿದೆ. ಗಂಟೆ ತೋರಿಸುವುದಿಲ್ಲ. ಮಾತ್ರೆಯ ಹೊತ್ತಿಗೆ ಗುರ್ರೆಂದು ಚಿವುಟುತ್ತದೆ. ಉಳಿದ ಹೊತ್ತೆಲ್ಲ ಬಾಯಿ ಮುಚ್ಚಿಕೊಂಡು ನಾನು ಕೂತದ್ದು, ನಿಂತದ್ದು, ನಡುಗಿದ್ದು, ಬಿಗಿದುಕೊಂಡದ್ದು ಎಲ್ಲವನ್ನೂ ಲೆಕ್ಕ ಇಟ್ಟು ಡಾಕ್ಟರಮ್ಮನಿಗೆ ಚಾಡಿ ಹೇಳುತ್ತದೆ. ಅತ್ತೆ ಎನ್ನದೆ ಇನ್ನೇನನ್ನಲಿ?

ಇದು ಬಂದ ಕಥೆ ಕೇಳು. ಡಾಕ್ಟರಮ್ಮ “ಹೇಗಿದ್ದೀರಿ?” ಎಂದರು. “ಚೆನ್ನಾಗಿದ್ದೀನಿ” ಎಂದೆ.

“ಡಾಕ್ಟ್ರೇ, ಸುಳ್ಳು. ಬೆಳಿಗ್ಗೆ ಇವರು ಶರ್ಟಿನ ಗುಂಡಿ ಹಾಕಿ ಮುಗಿಸೋದ್ರೊಳಗೆ ನನ್ನದು ಒಂದು ಟ್ರಿಪ್ ಮುಗಿಯುತ್ತೆ” ಎಂದಳು ಮಗಳು.

ಡಾಕ್ಟರಮ್ಮ ನಕ್ಕು, “ನನ್ನ ಮುಂದೆ ಎಲ್ಲರೂ ಚೆನ್ನಾಗೇ ಇರ್ತಾರೆ. ಅದೇ ತೊಂದರೆ. ಮೂರು ತಿಂಗಳಿಗೆ ಒಂದ್ಸಲ ಹತ್ತು ನಿಮಿಷ ನೋಡಿ ಮಾತ್ರೆ ಬರೆಯೋದು ಅಂದ್ರೆ, ಬಾಗಿಲ ಸಂದಿಯಲ್ಲಿ ಇಣುಕಿ ಸಿನಿಮಾ ಕಥೆ ಹೇಳಿದ ಹಾಗೆ. ಮನೇಲಿ ಯಾವ ಹೊತ್ತಿಗೆ ಮಾತ್ರೆ ಹಿಡಿಯುತ್ತೆ, ಯಾವ ಹೊತ್ತಿಗೆ ಬಿಡುತ್ತೆ, ಅದು ನನಗೆ ಬೇಕು” ಎಂದರು. ಮಾತ್ರೆ ಕಮ್ಮಿಯಾದರೆ ಮೈ ಮರದ ಕೊರಡು. ಹೆಚ್ಚಾದರೆ ಕೈಕಾಲು ತಾವಾಗಿಯೇ ಹಾವಿನಂತೆ ಹೊರಳಿ ಕುಣಿಯುತ್ತವಂತೆ. ನಡುವೆ ಒಂದು ಸಣ್ಣ ಓಣಿಯಿದೆ, ಅದರಲ್ಲಿ ನಡೆಸಬೇಕು. ಮೊದಲು ರೋಗಿಗಳೇ ಪುಸ್ತಕದಲ್ಲಿ ಬರೆದು ತರುತ್ತಿದ್ದರಂತೆ, ಒಳ್ಳೆ ಹೊತ್ತು, ಕೆಟ್ಟ ಹೊತ್ತು ಎಂದು. ಎಲ್ಲರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹತ್ತು ದಿನದ್ದನ್ನು ಒಟ್ಟಿಗೆ ತುಂಬಿಸುತ್ತಿದ್ದರಂತೆ. ಶಾಲೆಯ ಮನೆಪಾಠದ ಹಾಗೆ.

ಆಮೇಲೆ ಕೈಯ ನಡುಕ ನೋಡಲು ಕಾಗದದ ಮೇಲೆ ಒಂದು ಸುರುಳಿ ಬರೆಯಲು ಹೇಳಿದರು. ಬರೆದೆ. ಅದನ್ನು ನೋಡಿ ಫೈಲಿಗೆ ಸೇರಿಸಿದರು. ಹೊರಡುವಾಗ, “ಕತ್ತಿ, ಕತ್ತರಿ ಮುಟ್ಟೋ ಹಾಗಿಲ್ಲ ಆಯ್ತಾ” ಎಂದರು. ಮಗಳು ಮನೆಗೆ ಬಂದವಳೇ ಕತ್ತಿ, ಕತ್ತರಿಗಳನ್ನೆಲ್ಲ ಗಂಟು ಕಟ್ಟಿ ಅಟ್ಟದ ಮೇಲೆ ಎಸೆದಳು. ಕಿಟಕಿ ಪಕ್ಕದ ಕುರ್ಚಿಯ ಡ್ರಾಯರನ್ನು ನೋಡುವುದನ್ನು ಮರೆತಳು.

ಈಗ ಮುಖ್ಯ ವಿಷಯ. ನಿನ್ನ ತಲೆ ಯಾರ ಕೈಯಲ್ಲೂ ಇಲ್ಲ ಎಂದು ನಿನ್ನ ಉತ್ತರದಿಂದಲೇ ತಿಳಿಯಿತು. ಏಪ್ರಿಲಿನಲ್ಲಿ ನಿನಗೆ ರಜೆ ಬರುತ್ತದಲ್ಲ, ಬಾ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರು. ನಿನ್ನ ತಲೆಯೊಂದನ್ನು ನಾನು ಕತ್ತರಿಸಬೇಕು. ಒಂದೇ ಒಂದು. ಅದಾದ ಮೇಲೆ ಬೋರ್ಡ್ ಇಳಿಸಿ, ಕುರ್ಚಿಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ. ಮ್ಯಾನೇಜರ ಕಿವಿಯ ಮೇಲೆ ನನ್ನ ಕಸುಬು ಮುಗಿಯುವುದು ನನಗೆ ಒಪ್ಪಿಗೆಯಿಲ್ಲ.

ಇಂತಿ,
ಅತ್ತೆ ಮನೆ ಅಳಿಯ


ಮಾರ್ಚ್ 2

ಮೀಸೆಗೆ,

ಏಪ್ರಿಲ್ ಎರಡನೇ ವಾರ ಬರುತ್ತೇನೆ. ಅಷ್ಟರವರೆಗೆ ತಲೆಯನ್ನು ಹೀಗೇ ಇಟ್ಟುಕೊಂಡಿರುತ್ತೇನೆ. ನೀನು ಊಹಿಸಿದ್ದು ಸರಿ. ಮುಂದುಗಡೆ ಕಣ್ಣಿಗೆ ಬಿದ್ದದ್ದನ್ನು ಕನ್ನಡಿ ನೋಡಿ ನಾನೇ ಕತ್ತರಿಸಿಕೊಳ್ಳುತ್ತೇನೆ, ಹಿಂದುಗಡೆ ದೇವರಿಗೆ ಬಿಟ್ಟದ್ದು. ಇಲ್ಲಿನ ನರ್ಸುಗಳು ನನ್ನನ್ನು ಕವಿ ಎಂದುಕೊಂಡಿದ್ದಾರೆ. ಒಬ್ಬಳಂತೂ ಒಂದು ಪದ್ಯ ಹೇಳಿ ಎಂದಳು. ಕ್ಷೌರಿಕ ಎಂದರೆ ನಂಬುವುದಿಲ್ಲ.

ಕಿವಿಯ ಹತ್ತಿರ ನಿನ್ನ ಕೈ ಬಂದಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಅದು ಹೆದರಿಕೆಗಲ್ಲ. ಹೆದರಿಕೆಗೂ ಇರಬಹುದು. ಆದರೂ ಕೂರುತ್ತೇನೆ.

ಮಿದುಳಿಗೆ ತಂತಿ ಇಡುವ ಆಪರೇಷನ್ನಿಗೆ ಬರುವವರ ತಲೆ ಬೋಳಿಸುವುದು ನಾನೇ. ಅವರೂ ನಿನ್ನ ಬಳಗದವರು. ನಿನ್ನ ಅತ್ತೆಯನ್ನು ಅವರ ಕೈಯಲ್ಲೂ ನೋಡಿದ್ದೇನೆ. ಅತ್ತೆ ಹೇಳಿದ ಹಾಗೆ ಕೇಳು.

ಎಡಚ


ಮಾರ್ಚ್ 17

ಕವಿವರ್ಯರಿಗೆ,

ಅತ್ತೆಯ ಚಾಡಿ ಕಾಗದದ ಮೇಲೆ ಬಂದಿದೆ. ಗೆರೆಗಳು, ಬೆಟ್ಟಗಳು, ಕಣಿವೆಗಳು. ಭೂಗೋಳದ ಮೇಷ್ಟ್ರಿಗೆ ತೋರಿಸಬೇಕಾದದ್ದು. ಡಾಕ್ಟರಮ್ಮ ಪೆನ್ನಿನ ತುದಿಯಿಂದ ತೋರಿಸುತ್ತ ಹೋದರು. ಬೆಳಿಗ್ಗೆ ಎದ್ದಾಗ ನಿಧಾನ, ಮೊದಲ ಮಾತ್ರೆಯ ಮೇಲೆ ಸುಧಾರಣೆ, ಅಲ್ಲಿಯವರೆಗೆ ಅತ್ತೆ ಸತ್ಯವಂತೆ. ಮಧ್ಯಾಹ್ನದ ಹೊತ್ತಿಗೆ ಮಾತ್ರ ಗೆರೆ ಸೀದಾ ಆಕಾಶಕ್ಕೆ ಹಾರಿತ್ತು. ದಿನವೂ ಹಾಗೇ.

“ಈ ಹೊತ್ತಲ್ಲಿ ಕೈ ತುಂಬ ಕುಣಿಯುತ್ತಾ ಇದೆ. ಆಗ ಏನು ಮಾಡ್ತಿರ್ತೀರಿ?” ಎಂದರು.

“ವಿಶ್ರಾಂತಿ ತಗೋತೀನಿ” ಎಂದೆ.

ಅವರು ಮಗಳ ಮುಖ ನೋಡಿದರು. ಅವಳು, “ಆ ಹೊತ್ತಲ್ಲಿ ನಾನು ಬಸ್ಸಲ್ಲಿರ್ತೀನಿ ಡಾಕ್ಟ್ರೇ” ಎಂದಳು.

“ಹಾಗಾದ್ರೆ ಮಧ್ಯಾಹ್ನದ ಮಾತ್ರೆ ಜಾಸ್ತಿ ಆಗ್ತಿದೆ ಅಂತ ಕಾಣುತ್ತೆ. ಅರ್ಧಕ್ಕೆ ಇಳಿಸೋಣ. ಪಟ್ಟಿ ಹಾಗೇ ಕಟ್ಟಿಕೊಂಡಿರಿ, ಎರಡು ವಾರ ಬಿಟ್ಟು ಮತ್ತೆ ನೋಡ್ತೀನಿ. ಏನಾದ್ರೂ ಬಿಗಿತ ಅನ್ನಿಸಿದ್ರೆ ಕಾಯಬೇಡಿ, ಬನ್ನಿ” ಎಂದರು.

ಯಂತ್ರಕ್ಕೆ ಏನು ಗೊತ್ತು, ಎಡಚ. ಇಡೀ ದಿನದಲ್ಲಿ ನನ್ನ ಕೈ ನನ್ನ ಮಾತು ಕೇಳುವುದು ಆ ಹೊತ್ತಿನಲ್ಲೇ. ಶಟರ್ ಅರ್ಧ ಎಳೆದಿರುತ್ತೇನೆ, ಕಿಟಕಿಯ ಬೆಳಕು ಕುರ್ಚಿಯ ಮೇಲೆ ಬೀಳುತ್ತದೆ. ನಾನು ಅದರ ಹಿಂದೆ ನಿಂತಿರುತ್ತೇನೆ. ಇದಕ್ಕಿಂತ ಹೆಚ್ಚು ಕೇಳಬೇಡ. ಏಪ್ರಿಲಿಗೆ ಗೊತ್ತಾಗುತ್ತದೆ.

ಮಾತ್ರೆ ಅರ್ಧವಾದಾಗಿನಿಂದ ಅಂಗಡಿಗೂ ಮನೆಗೂ ನಡುವಿನ ಹೊಸ್ತಿಲಿನ ಹತ್ತಿರ ನನ್ನ ಪಾದಗಳು ಸಭೆ ಸೇರಿಸುತ್ತವೆ. ದಾಟಬೇಕೋ ಬೇಡವೋ ಎಂದು ಚರ್ಚೆ. ನೆಲಕ್ಕೆ ಅಂಟು ಹಾಕಿದಂತೆ ನಿಂತುಬಿಡುತ್ತೇನೆ. ಮಗಳು ಮನೆಯಲ್ಲಿದ್ದರೆ ಹಿಂದಿನಿಂದ, “ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ” ಎಂದು ಚಪ್ಪಾಳೆ ತಟ್ಟುತ್ತಾಳೆ. ಆಶ್ಚರ್ಯವೆಂದರೆ ಆ ತಾಳಕ್ಕೆ ಕಾಲು ಏಳುತ್ತದೆ. ಅವಳು ಇಲ್ಲದಾಗ ನಾನೇ ಹೇಳಿಕೊಳ್ಳುತ್ತೇನೆ. ನನ್ನ ದನಿ ನನ್ನ ಕಾಲಿಗೂ ಕೇಳಿಸುವುದಿಲ್ಲ.

ಇಂತಿ,
ಮೀಸೆ

(ಅಕ್ಷರ ಸಣ್ಣದಾದರೆ ಭೂತಗನ್ನಡಿಯವನಿಗೆ ನನ್ನ ನಮಸ್ಕಾರ ತಿಳಿಸು.)


ಮಾರ್ಚ್ 23

ಮೀಸೆ,

ತಮಾಷೆ ಇಲ್ಲ, ನೇರ ಕೇಳುತ್ತೇನೆ. ಮಧ್ಯಾಹ್ನ ಶಟರ್ ಎಳೆದುಕೊಂಡು ನೀನು ಗಾಳಿಗೆ ಕತ್ತರಿ ಆಡಿಸುತ್ತಿದ್ದೀಯಾ?

ಇವತ್ತು ಒಬ್ಬ ಅಜ್ಜಿಯ ತಲೆ ಬೋಳಿಸಿದೆ. ಕೈಯಲ್ಲಿ ನಿನ್ನದೇ ಪಟ್ಟಿ. ಮಾತಿಗೆ ಹೇಳಿದಳು: “ನಾನು ಸ್ವೆಟರ್ ಹೆಣೀತೀನಪ್ಪ. ಹೆಣೆದಾಗೆಲ್ಲ ಇದಕ್ಕೆ ನನ್ನ ಕೈ ಕುಣೀತಾ ಇದೆ ಅಂತ ಅನ್ನಿಸುತ್ತಂತೆ. ಅದಕ್ಕೆ ಯಾವ ಹೊತ್ತಲ್ಲಿ ಹೆಣೀತೀನಿ ಅಂತ ನರ್ಸಿಗೆ ಮೊದಲೇ ಹೇಳಿಬಿಡ್ತೀನಿ.” ನನ್ನ ಕೈಯಲ್ಲಿದ್ದ ಯಂತ್ರ ನಿಂತುಹೋಯಿತು. ನಾನೇ ನಿಲ್ಲಿಸಿದೆನೋ ಏನೋ.

ನಿನ್ನ ಮಾತ್ರೆ ಹೆಚ್ಚಾಗಿರಲಿಲ್ಲ ಕಣೋ. ನೀನು ನನ್ನ ತಲೆಗೆ ಅಭ್ಯಾಸ ಮಾಡುತ್ತಿದ್ದೆ. ಅತ್ತೆ ಅದನ್ನು ರೋಗ ಎಂದು ಬರೆದುಕೊಂಡಳು. ನೀನು ವಿಶ್ರಾಂತಿ ಎಂದೆ. ಅವರು ಅರ್ಧಕ್ಕೆ ಇಳಿಸಿದರು. ಈಗ ನಿನ್ನ ಕಾಲು ಹೊಸ್ತಿಲಲ್ಲಿ ನಿಲ್ಲುತ್ತಿದೆ.

ಈ ಪತ್ರ ಸಿಕ್ಕಿದ ದಿನವೇ ಡಾಕ್ಟರಮ್ಮನ ಹತ್ತಿರ ಹೋಗು. ಕತ್ತರಿ ಜೇಬಿನಲ್ಲಿಟ್ಟುಕೊಂಡು ಹೋಗಿ ಅವರೆದುರು ಆಡಿಸಿ ತೋರಿಸು. ಬೈದರೆ ಬೈಸಿಕೊ. ನನ್ನ ತಲೆ ಕಾಯುತ್ತದೆ, ಅದಕ್ಕೇನೂ ಆತುರವಿಲ್ಲ.

ಎಡಚ


ಏಪ್ರಿಲ್ 6

ಚಿಕ್ಕಪ್ಪನಿಗೆ ನಮಸ್ಕಾರ,

ನಾನು, ಮೀಸೆಯವರ ಮಗಳು. ನೀವು ಅಂಗಡಿ ಬಿಟ್ಟು ಹೋದಾಗ ನಾನು ನಿಮ್ಮ ಮೇಲೆ ಅಪ್ಪನಿಗಿಂತ ಹೆಚ್ಚು ಸಿಟ್ಟು ಮಾಡಿಕೊಂಡಿದ್ದೆ. ಅದು ಈಗ ಬೇಡ.

ಅಪ್ಪ ಮಾರ್ಚ್ 25ರ ಮಧ್ಯಾಹ್ನ ಬಿದ್ದರು. ಅಂಗಡಿಯಿಂದ ಒಳಗೆ ಬರುವ ಹೊಸ್ತಿಲಲ್ಲಿ. ಪಾದ ಅಲ್ಲೇ ನಿಂತಿದೆ, ಮೈ ಮುಂದೆ ಬಂದಿದೆ. ಸೊಂಟದ ಮೂಳೆ ಮುರಿಯಿತು. ಕೂಗಿದರಂತೆ. ಕೂಗಿದರೆ ಯಾರಿಗೆ ಕೇಳಿಸಬೇಕು? ಸಂಜೆ ನಾನು ಡ್ಯೂಟಿ ಮುಗಿಸಿ ಬರುವವರೆಗೂ ಹಾಗೇ ಬಿದ್ದಿದ್ದರು. ನನ್ನನ್ನು ನೋಡಿ ಮೊದಲು ಹೇಳಿದ್ದು, “ಬಾಗಿಲಲ್ಲಿ ನಿಂತಿರಲಿಲ್ಲಮ್ಮ, ಮಲಗಿದ್ದೆ” ಎಂದು. ನನಗೆ ನಗು ಬರಲಿಲ್ಲ. ಅವರಿಗೆ ಬಂತು.

ನಿಮ್ಮ ಪತ್ರ ಮಾರನೆಯ ದಿನ ಬಂತು. ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ನಾನೇ ಅವರಿಗೆ ಓದಿ ಹೇಳಿದೆ. ಕತ್ತರಿಯ ಸಾಲು ಬಂದಾಗ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೇನೋ ಎಂದು ನಿಲ್ಲಿಸಿದೆ. “ಓದು” ಎಂದರು. ಪೂರ್ತಿ ಓದಿಸಿಕೊಂಡು, ಡಾಕ್ಟರಮ್ಮ ಬಂದಾಗ ತಾವೇ ಹೇಳಿದರು. ಅವರು ಬಗ್ಗಿ ಅಪ್ಪನ ಬಾಯಿಗೆ ಕಿವಿ ಕೊಟ್ಟು ಕೇಳಿದರು. ಆಮೇಲೆ ಮಂಚದ ಅಂಚಿನಲ್ಲಿ ಕೂತರು. ಡಾಕ್ಟರುಗಳು ಮಂಚದ ಮೇಲೆ ಕೂರುವುದನ್ನು ನಾನು ನೋಡಿರಲಿಲ್ಲ.

“ಅದರಿಂದಲೇ ಬಿದ್ರು ಅಂತ ನಾನು ಖಡಾಖಂಡಿತ ಹೇಳಲಾರೆ. ಅದರಿಂದ ಅಲ್ಲ ಅಂತಲೂ ಹೇಳಲಾರೆ. ‘ಏನು ಮಾಡ್ತಿರ್ತೀರಿ’ ಅಂತ ಕೇಳಿ ಬಿಟ್ಟುಬಿಟ್ಟೆ. ಅವರ ಕಸುಬು ನನಗೆ ಗೊತ್ತಿತ್ತು” ಎಂದು ನನಗೆ ಹೇಳಿದರು. ಮಾತ್ರೆ ಮೊದಲಿನ ಹಾಗೇ ಮಾಡಿದ್ದಾರೆ.

ನನಗೂ ಒಂದು ಗೊತ್ತಾಯಿತು. ಚಪ್ಪಲಿ ಹೊಲಿಯುವವರು ಆಸ್ಪತ್ರೆಗೆ ಬಂದಿದ್ದರು. “ಅಪ್ಪ ಎದ್ದುಬಿಡ್ತಾರೆ ಬಿಡಮ್ಮ, ಮೊನ್ನೆ ಮೊನ್ನೆವರೆಗೂ ಮಧ್ಯಾಹ್ನ ಹೊತ್ತು ಎಷ್ಟು ಜನ ಗಿರಾಕಿ, ಕತ್ತರಿ ನಿಲ್ತಾನೇ ಇರಲಿಲ್ಲ” ಎಂದರು. ಅವರು ದಿನಾ ಕೇಳಿಸಿಕೊಂಡಿದ್ದಾರೆ, ವ್ಯಾಪಾರ ಚೆನ್ನಾಗಿದೆ ಎಂದು ಸಂತೋಷಪಟ್ಟಿದ್ದಾರೆ. ನಾನು ಅದೇ ಬೀದಿಯಲ್ಲಿ ಅದೇ ಹೊತ್ತಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಶಟರ್ ಅರ್ಧ ಇಳಿದಿರುವುದನ್ನು ನೋಡಿ, ಪಾಪ ಮಲಗಿದ್ದಾರೆ ಎಂದುಕೊಳ್ಳುತ್ತಿದ್ದೆ.

ಮೂಳೆಗೆ ಆಪರೇಷನ್ ಆಗಿದೆ. ಅದು ಕೂಡಿಕೊಳ್ಳುತ್ತದಂತೆ. ಆದರೆ ಈ ರೋಗದವರು ಇಷ್ಟು ದಿನ ಮಲಗಿಬಿಟ್ಟರೆ ಮತ್ತೆ ಕಾಲ ಮೇಲೆ ನಿಲ್ಲಿಸುವುದು ಕಷ್ಟ ಎನ್ನುತ್ತಾರೆ. ನುಂಗುವುದೂ ಕಷ್ಟವಾಗಿದೆ, ನೀರು ಕುಡಿದರೂ ಕೆಮ್ಮು. ಎದೆಯಲ್ಲಿ ಕಫ ಕಟ್ಟಿದೆ. ನಿಮಗೆ ಮುಚ್ಚಿಟ್ಟು ಏನು ಮಾಡಲಿ, ಅದಕ್ಕೇ ಬರೆದೆ.

ಇಂತಿ ನಿಮ್ಮ,
ಮಗಳು


ಏಪ್ರಿಲ್ 11

ಮಗಳೇ,

ಅವತ್ತು ಆ ಕತ್ತರಿಯ ಪತ್ರ ಬರೆಯುವ ಮುಂಚೆ ಫೋನ್ ಕೈಯಲ್ಲಿ ಹಿಡಿದಿದ್ದೆ. ಅವನ ದನಿ ಕೇಳಿಸುವುದಿಲ್ಲವಲ್ಲ ಎಂದು ಇಟ್ಟುಬಿಟ್ಟೆ. ಕೇಳಿಸದಿದ್ದದ್ದು ಅವನ ದನಿ. ನನ್ನದು ಅವನಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ನಾನು ಹೇಳಿ ಇಟ್ಟುಬಿಟ್ಟಿದ್ದರೆ ಸಾಕಾಗಿತ್ತು. ನಿನಗೇ ಮಾಡಬಹುದಿತ್ತು. ಹೊಳೆಯಲಿಲ್ಲ.

ಹೇಳಿದ ದಿನಕ್ಕೆ ಬರಲು ಆಗಲಿಲ್ಲ, ಇಲ್ಲಿ ಬದಲಿ ಆಳು ಸಿಕ್ಕಿಲ್ಲ. 29ಕ್ಕೆ ಬರುತ್ತೇನೆ. ಅವನಿಗೆ ಹೇಳು.

ಎಡಚ ಚಿಕ್ಕಪ್ಪ


ಏಪ್ರಿಲ್ 24

ಎಡಚನಿಗೆ,

ಈ ಸಲ ಅಕ್ಷರ ಕಡಲೆಕಾಳಿನಷ್ಟಿರುತ್ತದೆ, ಭೂತಗನ್ನಡಿಯವನಿಗೆ ರಜೆ ಕೊಡು. ಹೇಳುವವನು ನಾನು, ಬರೆಯುವವಳು ಮಗಳು. ನನ್ನ ಬಾಯಿಗೆ ಕಿವಿ ಇಟ್ಟು ಕೂತಿದ್ದಾಳೆ, ಕದ್ದು ಕೇಳುವವಳ ಹಾಗೆ. ಒಂದು ಸಾಲು ಹೇಳುತ್ತೇನೆ, ದಣಿವಾರಿಸಿಕೊಳ್ಳುತ್ತೇನೆ, ಅಷ್ಟರಲ್ಲಿ ಅವಳು ಅದನ್ನು ತಿದ್ದಿರುತ್ತಾಳೆ.

(ತಿದ್ದಿಲ್ಲ. – ಮಗಳು)

ಮನೆಗೆ ಬಂದಿದ್ದೇನೆ. ಒಳಮನೆಗೆ ಮಂಚ ಹಿಡಿಸಲಿಲ್ಲವೆಂದು ಅಂಗಡಿಯಲ್ಲೇ ಹಾಕಿದ್ದಾರೆ, ಎರಡು ಕುರ್ಚಿಗಳ ನಡುವೆ. ನಾನು ಮಲಗಿರುವುದು ನಿನ್ನ ಕಡೆಯ ಕನ್ನಡಿಗೂ ನನ್ನ ಕಡೆಯ ಕನ್ನಡಿಗೂ ಮಧ್ಯೆ. ಎರಡರಲ್ಲೂ ಒಬ್ಬೊಬ್ಬ ಮುದುಕನಿದ್ದಾನೆ, ಇಬ್ಬರಿಗೂ ಮೀಸೆಯಿಲ್ಲ. ಪರಿಚಯ ಮಾಡಿಕೊಳ್ಳುವ ಆಸೆ ನನಗಿಲ್ಲ.

ಅತ್ತೆ ಇನ್ನೂ ಕೈಯಲ್ಲಿದ್ದಾಳೆ. ಮೊನ್ನೆಯ ಕಾಗದದಲ್ಲಿ ಮಧ್ಯಾಹ್ನದ ಬೆಟ್ಟ ಮಾಯ. ಗೆರೆ ನೆಲಕ್ಕೆ ಅಂಟಿಕೊಂಡು ಹೋಗಿದೆ, ನೀನು ಸಾಣೆ ಹಿಡಿದ ಕತ್ತಿಯ ಅಂಚಿನಷ್ಟು ನೇರ. ಜೀವನದಲ್ಲಿ ಮೊದಲ ಬಾರಿಗೆ ಅತ್ತೆ ಬರೆದದ್ದಕ್ಕೂ ನಾನು ಇರುವುದಕ್ಕೂ ತಾಳೆಯಾಗಿದೆ. ಡಾಕ್ಟರಮ್ಮ ಈಗ ಬಂದರೆ ಕಾಗದ ನೋಡುವ ಮುಂಚೆ ನನ್ನ ಕೈ ಹಿಡಿದು, “ಇವತ್ತು ಏನೇನು ಮಾಡಿದ್ರಿ, ತೋರಿಸಿ” ಎನ್ನುತ್ತಾರೆ. ತೋರಿಸಲು ಏನೂ ಇಲ್ಲ. ಒಳ್ಳೆಯ ಹೆಂಗಸು. ಅವರಿಗೆ ನಾನು ಸುಳ್ಳು ಹೇಳಬಾರದಿತ್ತು. ಹೇಳದಿದ್ದರೆ ಅವರು ಕತ್ತರಿ ಕಸಿದುಕೊಳ್ಳುತ್ತಿದ್ದರು. ಆಗಲೇ ಒಬ್ಬ ಕಸಿದುಕೊಂಡಾಗಿತ್ತು, ಇನ್ನೊಬ್ಬರು ಬೇಡ ಎಂದುಕೊಂಡೆ. ನಿನ್ನನ್ನು ಚುಚ್ಚಲು ಹೇಳಿದ್ದಲ್ಲ. ಸ್ವಲ್ಪ ಚುಚ್ಚಲೂ ಇರಬಹುದು.

(ಇಲ್ಲಿ ಅಪ್ಪ ನಿಮ್ಮ ಬಗ್ಗೆ ಇನ್ನೊಂದು ಮಾತು ಹೇಳಿದರು. ಕೆಟ್ಟದ್ದು. ಬರೆದಿಲ್ಲ. – ಮಗಳು)

ಕತ್ತರಿಯನ್ನು ಮಗಳು ಡ್ರಾಯರಿನಿಂದ ತೆಗೆದು ನನ್ನ ಕೈಗೇ ಕೊಟ್ಟಳು, ಬೇಕಾದರೆ ಹಿಡಿದುಕೊಳ್ಳಿ ಎಂದು. ಬೆರಳು ಒಳಗೆ ಹೋಯಿತು. ಬಾಯಿ ತೆರೆಯಲಿಲ್ಲ, ಕತ್ತರಿಯದು. ಎತ್ತಿಡು ಎಂದೆ.

ಈಗ ನಿನ್ನ ತಲೆಯ ವಿಚಾರ. ಅದನ್ನು ಇಟ್ಟುಕೊಂಡು ಬರಬೇಡ. ಬರುವ ಮುಂಚೆ ಅಲ್ಲೇ ಯಾರಾದರೂ ಒಳ್ಳೆಯವನ ಕೈಗೆ ಕೊಡು, ನಾಚಿಕೊಳ್ಳಬೇಡ. ಅವನಿಗೆ ಮೊದಲೇ ಹೇಳು: ಹಿಂದಲೆಯಲ್ಲಿ ಎರಡು ಸುಳಿ ಇವೆ, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಮೇಲಿಂದ ಕತ್ತರಿಸಿದರೆ ಎರಡರ ನಡುವೆ ಕೂದಲು ಕೋಳಿಯ ಜುಟ್ಟಿನ ಹಾಗೆ ಏಳುತ್ತದೆ. ಬಾಚಣಿಗೆಯನ್ನು ಕೆಳಗಿನಿಂದ ಒಯ್ಯಬೇಕು, ನೀರು ಜಾಸ್ತಿ ಹಾಕಬಾರದು. ಬಲಗಿವಿಯ ಹಿಂದೆ ಒಂದು ಸಣ್ಣ ಗಂಟಿದೆ, ಬಾಚಣಿಗೆಯ ಹಲ್ಲು ತಾಗಿದರೆ ನೀನು ಹಾರುತ್ತೀಯ. ಇಷ್ಟು ಹೇಳಿದರೆ ಅವನಿಗೆ ಸಾಕು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳುವ ಸಂದರ್ಭ ಬಂದಿರಲಿಲ್ಲ.

ನನ್ನ ತಲೆ ನಿನಗೆ ಬಿಟ್ಟದ್ದು. ಕುತ್ತಿಗೆ ಬಗ್ಗುವುದಿಲ್ಲ, ಮಲಗಿದ ಹಾಗೇ ಕತ್ತರಿಸಬೇಕು. ನಿನಗೀಗ ಅಂಥ ಗಿರಾಕಿಗಳ ಅಭ್ಯಾಸವಾಗಿದೆ. ಮಾತಾಡಿಸಬೇಡ, ಉತ್ತರ ಕೇಳಿಸದೆ ನೀನು ಮತ್ತೆ ಕೋಪ ಮಾಡಿಕೊಂಡು ಹೋಗುತ್ತೀಯ. ಮಗಳ ಮುಂದೆ ಅಳಬೇಡ. ಅವಳ ಬಸ್ಸಿನಲ್ಲಿ ಅದಕ್ಕೆ ಬೇರೆ ಟಿಕೆಟ್.

(ನಾನು ಹೀಗೆಲ್ಲ ಹೇಳಿಲ್ಲ. – ಮಗಳು)

ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ತುಂಬ ಹೊತ್ತು ಕೇಳುತ್ತಾರೆ. ಏನು ಕೇಳಿಸಿತು ಎಂದು ಹೇಳುವುದಿಲ್ಲ. ಮಗಳು ಅವರ ಜೊತೆ ಹೊರಗೆ ಹೋಗಿ ಬರುತ್ತಾಳೆ, ಬಂದು ಕಿಟಕಿ ಒರೆಸುತ್ತಾಳೆ. ಕಿಟಕಿ ಈಗ ತುಂಬ ಸ್ವಚ್ಛವಾಗಿದೆ. ಆದ್ದರಿಂದ 29 ಎಂದದ್ದನ್ನು ಸಾಧ್ಯವಾದರೆ ಸ್ವಲ್ಪ ಮುಂಚೆ ಮಾಡು.

ಕೊನೆಯದಾಗಿ ಒಂದು ಸಣ್ಣ ಉಪಕಾರ. ಮಂಚವನ್ನು ಬೀದಿಗೆ ಬೆನ್ನು ಮಾಡಿ ಹಾಕಿದ್ದಾರೆ, ನನಗೆ ತಲೆ ತಿರುಗಿಸಿ ಯಾರು ಬಂದರೆಂದು ನೋಡಲು ಆಗುವುದಿಲ್ಲ. ಕನ್ನಡಿಯಲ್ಲಿ ನೋಡಿದರೂ ಬಾಗಿಲ ಬೆಳಕಿಗೆ ಎಲ್ಲರೂ ಬರೀ ಕಪ್ಪು ನೆರಳು. ಬರುವಾಗ ನಿನ್ನ ಕತ್ತರಿಯನ್ನು ಚೀಲದೊಳಗೆ ಹಾಕಬೇಡ, ಮೇಲಿನ ಜೇಬಿನಲ್ಲಿ ಇಟ್ಟುಕೋ. ಶಟರಿನ ಹತ್ತಿರ ನಿಂತು ಒಳಗೆ ಬರುವ ಮುಂಚೆ ಗಾಳಿಯಲ್ಲಿ ಆಡಿಸು. ಎರಡೇ.

ಇಂತಿ,
ಮೀಸೆ